ಜಯಕ್ಕನ ಹೆಬ್ಬೆಟ್ಟು

ಜಯಕ್ಕನ ಬೆರಳು ಸವೆದಿರಲಿಲ್ಲ. ಸವೆದಿದೆ ಎಂದು ಹತ್ತು ಜನರ ಮುಂದೆ ಹೇಳಿದವಳು ನಾನು. ಹಾಗಲ್ಲ ಎಂದು ಅದೇ ದಿನ ಮಧ್ಯಾಹ್ನ ತಿಳಿದ ಮೇಲೂ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ.

ಹುಳಿಯಾರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಸೇವಾ ಕೇಂದ್ರವಿದೆ. ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ರೇಷನ್ ಕಾರ್ಡಿಗೆ ಬೆರಳಚ್ಚು ಜೋಡಿಸುವುದು ಇಲ್ಲಿನ ಕೆಲಸ. ಕಂಪ್ಯೂಟರ್ ವಿಷಯಕ್ಕೆ ಬಂದರೆ ಈ ಬೀದಿಯಲ್ಲಿ ನನ್ನ ಮಾತೇ ಕೊನೆ. ಇದು ಜಂಬವಲ್ಲ — ಜಂಬವೇ ಇರಬಹುದು, ಆದರೆ ಕೆಲಸ ಕಲಿತು ಪಡೆದ ಜಂಬ. ಈಗಲೂ ಅದನ್ನು ಬಿಟ್ಟಿಲ್ಲ. ಬಿಡಬೇಕಾಗಿದ್ದದ್ದು ಬೇರೆ.

ಬೆರಳಚ್ಚಿನ ಯಂತ್ರ ಮಾರಿದವನು ಅದನ್ನು ಜೋಡಿಸಿಕೊಟ್ಟ ದಿನ ಒಂದು ಮಾತು ಹೇಳಿದ್ದ. "ಮೇಡಂ, ಅಪ್‌ಡೇಟ್ ಜೊತೆ ಡ್ರೈವರ್ ತಾನಾಗೇ ಬರೋಕೆ ಬುಡಬೇಡಿ. ಈ ಮಿಷನ್‌ಗೆ ನಾನು ಹಾಕಿರೋದೇ ಇರ್ಲಿ."

ಡ್ರೈವರ್ ಎಂದರೆ ಕಂಪ್ಯೂಟರಿನ ಮಾತನ್ನು ಅದಕ್ಕೆ ಜೋಡಿಸಿದ ಯಂತ್ರಕ್ಕೂ, ಯಂತ್ರದ ಮಾತನ್ನು ಕಂಪ್ಯೂಟರಿಗೂ ಮುಟ್ಟಿಸುವ ಪುಟ್ಟ ತಂತ್ರಾಂಶ. ಅದನ್ನು ನಾವೇ ನೋಡಿ ಹಾಕಿಕೊಳ್ಳಬಹುದು, ಇಲ್ಲವೇ ತಾನಾಗಿ ಬಂದು ಕೂರಲು ಬಿಡಬಹುದು. ಅವನು ಹೇಳಿದ್ದು ನನಗೆ ಹಿಡಿಸಲಿಲ್ಲ. ಹೊಸದು ಬರುವುದು ಒಳ್ಳೆಯದಕ್ಕೇ ಅಲ್ಲವೇ? ಅಷ್ಟು ದೊಡ್ಡ ಕಂಪನಿಯವರಿಗೆ ತಿಳಿಯದ್ದು ಇವನಿಗೇನು ಗೊತ್ತು? ಅವನ ಬೈಕ್ ತಿರುವು ದಾಟುವ ಮೊದಲೇ "ತಾನಾಗಿ ಬರಲಿ" ಎಂಬಲ್ಲಿ ಒತ್ತಿದ್ದೆ.

ಹಲವು ತಿಂಗಳು ಏನೂ ಆಗಲಿಲ್ಲ. ಒಂದು ಸಂಜೆ ಕಂಪ್ಯೂಟರ್ ಮುಚ್ಚುವಾಗ ಅಪ್‌ಡೇಟ್ ಓಡಿತು. ಮಾರನೆಯ ಬೆಳಿಗ್ಗೆ ಬೆರಳು ಕೊಡಲು ಮೊದಲು ಬಂದವಳು ಕೆಂಕೆರೆಯ ಜಯಕ್ಕ.

ಜಯಕ್ಕನನ್ನು ತಿಳಿಯದವರಿಗೆ ಒಂದಿಷ್ಟು ಹೇಳಬೇಕು. ಸುತ್ತಲಿನ ಹಳ್ಳಿಗಳಲ್ಲಿ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಇಳಿಸಿ ಕೊಬ್ಬರಿ ತೆಗೆಸುವವರು ಮೊದಲು ಕರೆಯುತ್ತಿದ್ದದ್ದು ಅವಳನ್ನು. ಕೆಲವರು ಬೈಕ್ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಮಚ್ಚಿನ ಹಿಂಬದಿಯಲ್ಲಿ ಒಂದು ಏಟು ಹಾಕಿದರೆ ಚಿಪ್ಪು ಬಾಯಿ ಬಿಡುತ್ತಿತ್ತು, ಒಳಗಿನ ಕೊಬ್ಬರಿ ಉಂಡೆಗೆ ಒಂದು ಗೀರು ಬೀಳುತ್ತಿರಲಿಲ್ಲ. ಆಮೇಲೆ ಉಂಡೆಯ ಮೇಲೆ ಹೆಬ್ಬೆಟ್ಟು ಸವರಿ, "ಇದು ಕೌಟು, ಪಕ್ಕಕ್ಕಾಕು" ಎಂದರೆ ಕತ್ತರಿಸಿ ನೋಡುವ ಅಗತ್ಯವೇ ಇರಲಿಲ್ಲ. ಒಳಗೆ ಕೆಟ್ಟಿರುತ್ತಿತ್ತು. ಕೊಬ್ಬರಿಯ ಮಾತಿನಲ್ಲಿ ಅವಳೂ ನನ್ನ ಹಾಗೆಯೇ — ಅವಳದೇ ಕೊನೆ ಮಾತು.

ಅಂಥ ಹೆಬ್ಬೆಟ್ಟನ್ನು ನನ್ನ ಯಂತ್ರ ಒಪ್ಪಲಿಲ್ಲ. ದೀಪವೇನೋ ಹತ್ತಿತು, ಅಚ್ಚು ಮಾತ್ರ ದಾಖಲೆಗೆ ಹೊಂದುತ್ತಿಲ್ಲ ಎಂದು ತೋರಿಸಿತು. ಒರೆಸಿ ಒತ್ತಿಸಿದೆ. ಹತ್ತೂ ಬೆರಳು ಒತ್ತಿಸಿದೆ. ಬೆರಳು ಕೊಡದಿದ್ದರೆ ಕಾರ್ಡಿನಿಂದ ಹೆಸರು ಹೋಗುತ್ತದೆಂಬ ಭಯ ಅವಳಿಗೆ, ಹಿಂದೆ ಸಾಲು ಬೆಳೆಯುತ್ತಿದೆಯೆಂಬ ಸಿಡಿಮಿಡಿ ನನಗೆ. ನಮ್ಮ ಕಡೆ ಕೊಬ್ಬರಿ ಕೆಲಸದವರ ಬೆರಳು ಸವೆಯುತ್ತದೆಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಅದು ನನ್ನ ನಾಲಿಗೆಯ ತುದಿಗೆ ತಾನಾಗಿ ಬಂತು.

"ಬರಲ್ಲ ಕಣಕ್ಕ. ನಿನ್ನ ಬೆರಳ ಗೆರೆ ಎಲ್ಲ ಸವೆದೋಗವೆ. ಆ ಕೊಬ್ಬರಿ ಕೆಲ್ಸ ಬುಡು."

"ಬುಟ್ರೆ ಗೆರೆ ತಿರುಗಾ ಬತ್ತವೇನೇ?"

"ಬತ್ತವೆ."

ಎಷ್ಟು ಧೈರ್ಯವಾಗಿ ಹೇಳಿದೆ! ಡಾಕ್ಟರರೂ ಅಷ್ಟು ಧೈರ್ಯವಾಗಿ ಹೇಳುವುದಿಲ್ಲ. ಜಯಕ್ಕ ಎರಡೂ ಅಂಗೈಗಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿಕೊಂಡಳು. ಆಮೇಲೆ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊರಟುಹೋದಳು.

ಅವಳ ಹಿಂದಿನವನ ಬೆರಳೂ ಹೊಂದಲಿಲ್ಲ, ಅವನ ಹಿಂದಿನವಳದೂ ಇಲ್ಲ. "ಸರ್ವರ್ ಇಲ್ಲ" ಎಂದು ಎಲ್ಲರನ್ನೂ ಕಳಿಸಿದೆ. ಮಧ್ಯಾಹ್ನ ಒಬ್ಬಳೇ ಇದ್ದಾಗ, ಏನೋ ಅನುಮಾನ ಬಂದು ನನ್ನ ಹೆಬ್ಬೆಟ್ಟನ್ನೇ ಇಟ್ಟೆ. ಒಂದು ದಿನವೂ ಚಿಪ್ಪು ಒಡೆಯದ, ಕೀಲಿಮಣೆ ಬಿಟ್ಟು ಬೇರೇನೂ ಕುಟ್ಟದ ಹೆಬ್ಬೆಟ್ಟು ನನ್ನದು. ಯಂತ್ರ ಅದನ್ನೂ ಒಪ್ಪಲಿಲ್ಲ.

ಹಿಂದಿನ ಸಂಜೆ ಡ್ರೈವರ್ ಬದಲಾದದ್ದು ಆಗ ಕಣ್ಣಿಗೆ ಬಿತ್ತು. ಹಳೆಯದಕ್ಕೆ ಮರಳಿಸಲು ಹತ್ತು ನಿಮಿಷ ಹಿಡಿಯಿತು. ಮತ್ತೆ ಹೆಬ್ಬೆಟ್ಟು ಇಟ್ಟೆ — ಒಂದೇ ಸಲಕ್ಕೆ ಹೊಂದಿತು. ಜಯಕ್ಕನ ಅರ್ಜಿ ಮೇಜಿನ ಮೇಲೇ ಇತ್ತು, ಫೋನ್ ನಂಬರ್ ಅದರಲ್ಲೇ ಇತ್ತು. ಒಂದು ಫೋನ್ ಮಾಡಿದ್ದರೆ — ಮಾಡಲಿಲ್ಲ. ಬೆಳಿಗ್ಗೆ ಅಷ್ಟು ಜನರ ಮುಂದೆ ಹೇಳಿದ್ದನ್ನು ಮಧ್ಯಾಹ್ನ ನುಂಗಿಕೊಳ್ಳುವುದೇ? ಅವಳೇ ಬರಲಿ, ಆಗ ನೋಡೋಣ ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಪಾಲಿಗೆ ಆ ನೆಲ ಜಯಕ್ಕನ ಹೆಬ್ಬೆಟ್ಟು.

ಮೂರು ವಾರದ ಮೇಲೆ ಅವಳು ಬಂದಳು. ಮೂರು ವಾರವೂ ಕೆಲಸಕ್ಕೆ ಹೋಗಿರಲಿಲ್ಲ. ದಿನಾ ಹರಳೆಣ್ಣೆ ಹಚ್ಚಿ ಕೈ ನೀವಿಕೊಂಡಿದ್ದಳಂತೆ. ಹೆಬ್ಬೆಟ್ಟು ಇಟ್ಟಳು, ತಕ್ಷಣ ಹೊಂದಿತು. ಅವಳ ಮುಖ ಅರಳಿದ್ದನ್ನು ನಾನು ಮರೆಯಲಾರೆ.

"ನೀನು ಹೇಳಿದ್ದು ನಿಜ ಕಣೇ! ಕೆಲ್ಸ ಬುಟ್ಟೆ, ಗೆರೆ ಬಂದ್ವು ನೋಡು!"

ಮೊದಲ ಸಲ ಹೇಳಿದ್ದು ತಿಳಿಯದೆ ಆಡಿದ ಮಾತು. ಈಗ — ಈಗ ತಿಳಿದಿತ್ತು. "ಹೂಂ ಕಣಕ್ಕ" ಎಂದೆ. ನನ್ನ ತಪ್ಪು ಇದು. ಡ್ರೈವರಿನದಲ್ಲ, ಅಪ್‌ಡೇಟಿನದಲ್ಲ. ಆ "ಹೂಂ" ನನ್ನದು.

ಜಯಕ್ಕ ಮತ್ತೆ ಮಚ್ಚು ಹಿಡಿಯಲಿಲ್ಲ. ನಿಲ್ದಾಣದ ಪಕ್ಕ ವೀಳ್ಯದೆಲೆ ಮಾರಲು ಕೂತಳು. ಬೈಕ್ ಕಳಿಸುತ್ತಿದ್ದವರು ಒಂದೆರಡು ವರ್ಷ ಕರೆದು ಸುಮ್ಮನಾದರು. ಅವಳ ಕಥೆ ಮಾತ್ರ ಊರೂರು ತಿರುಗಿತು. ಹೆಂಗಸರು ಅಂಗೈ ತುಂಬ ಎಣ್ಣೆ ಮೆತ್ತಿಕೊಂಡು ಬಂದು ಯಂತ್ರದ ಗಾಜು ಹಾಳುಮಾಡತೊಡಗಿದರು. ಅವರನ್ನು ಗದರಿಸುತ್ತಿದ್ದವಳೂ ನಾನೇ.

ಹೋದ ತಿಂಗಳು ಜಯಕ್ಕ ಹೊಸ ಸೊಸೆಯನ್ನು ಕಾರ್ಡಿಗೆ ಸೇರಿಸಲು ಕರೆತಂದಳು. "ಇವಳಿಗೂ ಕೊಬ್ಬರಿ ಕೆಲ್ಸಕ್ಕೆ ಆಸೆ ಕಣೇ. ನಾನೇ ಬ್ಯಾಡ ಅಂದಿವ್ನಿ. ನನ್ನಂಗೆ ಗೆರೆ ಹೋಗಿಬುಟ್ರೆ?" ಎಂದಳು. ಸೊಸೆ ತಲೆ ತಗ್ಗಿಸಿ ನಿಂತಿದ್ದಳು.

ಅವತ್ತೂ ಸಾಲಿನಲ್ಲಿ ಜನರಿದ್ದರು. ಇರಲಿ ಎಂದುಕೊಂಡೆ. ತಪ್ಪು ಹೇಳಿದ್ದು ಜನರ ಮುಂದೆ, ನಿಜವೂ ಜನರ ಮುಂದೆಯೇ ಹೊರಬೀಳಲಿ. "ಅಕ್ಕ, ನಿನ್ನ ಗೆರೆ ಯಾವತ್ತೂ ಸವೆದಿರ್ಲಿಲ್ಲ. ಕೆಟ್ಟಿದ್ದು ನನ್ನ ಮಿಷನ್ನು" ಎಂದು ಎಲ್ಲವನ್ನೂ ಹೇಳಿದೆ.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತು ಮಧ್ಯಾಹ್ನಾನೇ."

"ನನ್ನ ನಂಬರ್ ಇರ್ಲಿಲ್ವಾ?"

"ಇತ್ತು ಅಕ್ಕ."

ಜಯಕ್ಕ "ಇವಳ್ದು ತಗೋ" ಎಂದು ಸೊಸೆಯ ಕೈಯನ್ನು ಮುಂದಕ್ಕೆ ಸರಿಸಿದಳು.

ಡ್ರೈವರಿನ ಬಗ್ಗೆ ಈಗ ಯಾರಾದರೂ ಕೇಳಿದರೆ ಖಚಿತವಾಗಿ ಹೇಳುತ್ತೇನೆ. ಕಂಪ್ಯೂಟರಿನ ಸುರಕ್ಷತೆಗೆ ಬರುವ ಅಪ್‌ಡೇಟುಗಳು ತಾನಾಗಿ ಬರಲಿ, ತಡೆಯಬೇಡಿ. ಜನರ ಅನ್ನ ನಿಂತಿರುವ ಯಂತ್ರದ ಡ್ರೈವರನ್ನು ಮಾತ್ರ ನೋಡದೆ ಒಳಗೆ ಬಿಡಬೇಡಿ, ಹಳೆಯದೊಂದು ಪೆನ್‌ಡ್ರೈವಿನಲ್ಲಿರಲಿ. ದಿನಾ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ನನ್ನ ಹೆಬ್ಬೆಟ್ಟು ಇಟ್ಟು ನೋಡುತ್ತೇನೆ. ಅದನ್ನು ಐದು ವರ್ಷದಿಂದ ತಪ್ಪಿಸಿಲ್ಲ. ಯಂತ್ರದ ಕಡೆಗೆ ಅಷ್ಟು ಎಚ್ಚರ, ಜಯಕ್ಕನ ಕಡೆಗೆ — ಏನೂ ಇಲ್ಲ. ಈಗ ಎಣ್ಣೆ ಮೆತ್ತಿಕೊಂಡು ಬರುವ ಪ್ರತಿಯೊಬ್ಬಳಿಗೂ ನಡೆದದ್ದನ್ನು ನನ್ನ ಹೆಸರು ಹಿಡಿದೇ ಹೇಳುತ್ತೇನೆ. ಕೊನೆಯವಳಿಗೆ ಮುಟ್ಟುವವರೆಗೂ ಹೇಳುತ್ತೇನೆ.

ಮೊನ್ನೆ ಭಾನುವಾರ ಕೆಂಕೆರೆಗೆ ಹೋದೆ. ನಮ್ಮ ಅಟ್ಟದಿಂದ ಇಳಿಸಿದ ನಾಲ್ಕು ಉಂಡೆ ಕೊಬ್ಬರಿ ಚೀಲದಲ್ಲಿದ್ದವು. ಮತ್ತೆ ಕೆಲಸಕ್ಕೆ ಹೋಗಕ್ಕ, ಸೊಸೆಗೂ ಕಲಿಸು ಎಂದು ಕೇಳಿಕೊಂಡೆ. ಜಯಕ್ಕ ಒಂದು ಉಂಡೆಯನ್ನು ಕೈಗೆತ್ತಿಕೊಂಡಳು. ಸೊಸೆ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದಳು. ಜಯಕ್ಕ ಹೆಬ್ಬೆಟ್ಟು ಸವರಿದಳು. ತಿರುಗಿಸಿ ಇನ್ನೊಮ್ಮೆ, ಮತ್ತೊಮ್ಮೆ ಸವರಿದಳು.

"ಚೆನ್ನಾಗೈತೆ ಅನ್ಸುತ್ತೆ" ಎಂದಳು.

ಕೊಬ್ಬರಿ ಮುಟ್ಟಿ ಜಯಕ್ಕ ಹಿಂದೆ ಯಾವತ್ತೂ "ಅನ್ಸುತ್ತೆ" ಎಂದವಳಲ್ಲ.