ಇಲಿಗೆ ಜಾಸ್ತಿ, ಅವ್ವನಿಗೆ ಕಮ್ಮಿ

...ಎಡಗಾಲೇ ಇರಬೇಕು. ಆದರೆ ಬರೆಯಲು ಕೂತರೆ ಕಣ್ಣಮುಂದೆ ಬರುವುದು ಬಲಗಾಲು. ಮೊಣಕಾಲಿನ ಕೆಳಗೆ ಊದಿ, ಬಿಗಿದು, ಹೊಳೆಯುತ್ತಿದ್ದ ಅವ್ವನ ಕಾಲು. ಯಾವ ಕಾಲೆಂದು ಹೇಳಲಾಗದವಳು ಉಳಿದದ್ದನ್ನು ಸರಿಯಾಗಿ ಹೇಳುತ್ತೇನೆಂದು ನನಗೇ ನಂಬಿಕೆಯಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎ. ಮುಗಿಸಿ ಹಂದನಕೆರೆ ಹತ್ತಿರದ ನಮ್ಮ ತೋಟದ ಮನೆಯಲ್ಲಿದ್ದೆ. ಗರ್ಭಕೋಶದ ಆಪರೇಷನ್ ಆಗಿ ಮಲಗಿದ್ದ ಅವ್ವನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಎದೆಗೆ ಹತ್ತಿದರೆ ಜೀವ ಉಳಿಯುವುದು ಕಷ್ಟ ಎಂದ ಬೆಂಗಳೂರಿನ ಡಾಕ್ಟರು, ಮತ್ತೆ ಹೆಪ್ಪುಗಟ್ಟದಂತೆ ಮಾತ್ರೆ ಬರೆದುಕೊಟ್ಟರು. ಮಾತ್ರೆ ಹೆಚ್ಚಾದರೆ ಒಳಗೇ ರಕ್ತ ಸೋರುತ್ತದೆ, ತಿಂಗಳಿಗೊಮ್ಮೆ ಬಂದು ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂದರು.

ಮಾತ್ರೆ ಅಗ್ಗ. ದುಬಾರಿಯಾದದ್ದು ಪರೀಕ್ಷೆ. ಬಸ್ಸು, ಛತ್ರ, ಲ್ಯಾಬು, ಜೊತೆಗೆ ಅಪ್ಪನ ಕೆಲಸ ಕೆಡುವುದು. ಅಟ್ಟದ ಮೇಲಿನ ಕೊಬ್ಬರಿಯನ್ನು ಒಳ್ಳೆಯ ಬೆಲೆ ಬರುವ ಮೊದಲೇ ತಿಪಟೂರಿನ ಮಂಡಿಗೆ ಹಾಕಬೇಕಾಯಿತು. ಅಪ್ಪ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಕಟ್ಟಿದೆಯೋ ಇಲ್ಲವೋ ಹೇಳುವ ಮನುಷ್ಯ. ಬಾರದೆಯೂ ಹೋಗಬಹುದಾದ ಸಾವನ್ನು ತಡೆಯಲು ಎಷ್ಟು ಕೊಡಬಹುದೆಂದು ಹಾಗೆ ಅಲ್ಲಾಡಿಸಿ ತಿಳಿಯುವಂತಿರಲಿಲ್ಲ.

ಆ ವರ್ಷ ಇಲಿಗಳು ಮರದ ಮೇಲೇ ಎಳೆಕಾಯಿ ಕೊರೆದು ಉದುರಿಸುತ್ತಿದ್ದವು. ಚಿಕ್ಕನಾಯಕನಹಳ್ಳಿಯಿಂದ ಇಲಿ ಔಷಧಿ ತಂದ ಅಪ್ಪ ಜಗುಲಿಯ ಮೇಲೆ ಕೂತು ಅವ್ವನನ್ನು ಕರೆದ.

“ಕೇಳಿದ್ಯಾ? ನೀನು ನುಂಗೋದೂ ಇದೇ ಔಷಧಿಯಂತೆ ಕಣೇ. ಇಲೀಗೆ ಜಾಸ್ತಿ, ನಿಂಗೆ ಕಮ್ಮಿ. ಅಂಗಡಿಯವನೇ ಹೇಳ್ದ.”

“ಇಲೀನೂ ತಿಂಗ್ಳಿಗೊಂದ್ಸಲ ಬೆಂಗ್ಳೂರಿಗೆ ಕರ್ಕೊಂಡ್ ಹೋಯ್ತೀರಾ?” ಎಂದಳು ಅವ್ವ.

ಅಪ್ಪ ನಕ್ಕ. ನಾನೂ ನಕ್ಕಿರಬೇಕು. ಅವ್ವ ನಗಲಿಲ್ಲ.

“ಪರೀಕ್ಷೆ ಸಾಕು ಬುಡಿ. ಕಾಲು ಇಳ್ದದೆ. ಮಾತ್ರೆ ನುಂಗ್ತೀನಿ.”

ಅಗ್ಗದ್ದನ್ನು ಉಳಿಸಿಕೊಂಡು ದುಬಾರಿಯದನ್ನು ಬಿಟ್ಟೆವು. ಅಪಾಯವಿದ್ದದ್ದು ಅಗ್ಗದ್ದರಲ್ಲೇ. ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದದ್ದು ಆ ಪರೀಕ್ಷೆ.

ತೋಟದಲ್ಲಿ ಸತ್ತ ಇಲಿಗಳು ಸಿಗತೊಡಗಿದವು, ಮೂಗಿನ ತುದಿಯಲ್ಲಿ ರಕ್ತ. ಅವ್ವನ ಕಣ್ಣಿಗೆ ಬೀಳದಂತೆ ಹೂಳುತ್ತಿದ್ದೆ. ಅವಳು ಈಳಿಗೆಮಣೆಯ ಮೇಲೆ ಕೂತರೆ, ಎಲ್ಲಿ ಬೆರಳು ಕುಯ್ದುಕೊಳ್ಳುತ್ತಾಳೋ ಎಂದು ಎಬ್ಬಿಸಿ ನಾನೇ ಹೆಚ್ಚುತ್ತಿದ್ದೆ. ಒಂದು ಬೆಳಗ್ಗೆ ಬಚ್ಚಲ ಬಳಿ ಅವಳು ಉಗಿದದ್ದು ಕೆಂಪಗಿತ್ತು. ನನ್ನನ್ನು ನೋಡಿ ಕಾಲಿನಿಂದ ಮಣ್ಣು ಎಳೆದಳು.

“ಎಲೆಅಡಿಕೆ ಕಣೇ.”

ಅಷ್ಟು ಬೆಳಗ್ಗೆ ಅವ್ವ ಎಲೆಅಡಿಕೆ ಹಾಕುತ್ತಿರಲಿಲ್ಲ. ಅಪ್ಪನಿಗೆ ಹೇಳಿದೆ. ಅಪ್ಪ ಮಾತ್ರೆಯ ಶೀಸೆಯನ್ನು ಇಲಿ ಔಷಧಿಯಿದ್ದ ಪೆಟ್ಟಿಗೆಗೆ ಹಾಕಿ ಬೀಗ ಜಡಿದ.

ಮಾತ್ರೆ ನಿಂತ ಮೇಲೆ ಭಯ ತಿರುಗಿ ನಿಂತಿತು. ಅವ್ವ ಕೆಮ್ಮಿದರೆ, ನೀರು ಹೊತ್ತು ತಂದು ಏದುಸಿರು ಬಿಟ್ಟರೆ, ಎದೆಗೆ ಹತ್ತಿತು ಎಂದುಕೊಳ್ಳುತ್ತಿದ್ದೆ. ಹೆಪ್ಪು ಎಂಬ ಮಾತೇ ಮನೆಯಿಂದ ಹೋಯಿತು. ಸಂಜೆ ಹಾಲಿಗೆ ಹೆಪ್ಪು ಹಾಕುವ ಹೊತ್ತಿಗೂ “ಹಾಲಿಗೆ ಹಾಕಿದ್ಯಾ?” ಎಂದಷ್ಟೇ ಅಪ್ಪ ಕೇಳುತ್ತಿದ್ದ.

ಅವ್ವ ಬಹಳ ವರ್ಷ ಬದುಕಿದಳು. ಮಾತ್ರೆ ಅವಳನ್ನು ಉಳಿಸಿತೋ, ಮಾತ್ರೆಯಿಂದ ಪಾರಾಗಿ ಅವಳು ಉಳಿದಳೋ, ಎರಡೂ ಅಲ್ಲದೆ ಕಾಲು ತಾನಾಗಿ ವಾಸಿಯಾಯಿತೋ ನನಗೆ ಗೊತ್ತಿಲ್ಲ. ಆ ಬೆಳಗಿನ ಕೆಂಪು ಏನೆಂಬುದೂ ಗೊತ್ತಿಲ್ಲ.