ಇಳುಕಲಿನಲ್ಲಿ ಎಂಜಿನ್ ನಿಲ್ಲಿಸುವವರು

ನಮ್ಮ ಕಾರಿನ ದಪ್ಪ ಪ್ಲಗ್ಗು ಹಿಡಿಯುತ್ತಿದ್ದುದು ಮನೆಯ ಒಂದೇ ಸಾಕೆಟ್ಟಿಗೆ, ಅದೂ ಬಚ್ಚಲುಮನೆಯ ಗೀಸರಿನದು. ಹೀಗಾಗಿ ಪ್ರತಿದಿನವೂ ಕಾರಿಗೆ ಕರೆಂಟೋ, ಅಜ್ಜಿಗೆ ಬಿಸಿನೀರೋ ಎಂಬ ಪ್ರಶ್ನೆ ಏಳುತ್ತಿತ್ತು. ಊಟಿಯ ಹತ್ತಿರದ ನಮ್ಮೂರು ಕೂಕಲ್ತೊರೈಯ ಚಳಿಯಲ್ಲಿ ಅದು ಬರಿಯ ತಾತ್ವಿಕ ಪ್ರಶ್ನೆಯಲ್ಲ. ಅಜ್ಜಿ ಗೆದ್ದ ದಿನ ನಾನು ಬಸ್ಸು ಹತ್ತುತ್ತಿದ್ದೆ.

ಊಟಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಲು ಆಗಷ್ಟೇ ಸೇರಿದ್ದೆ. ಪೆಟ್ರೋಲಿನ ದರಕ್ಕೆ ರೋಸಿಹೋದ ಅಪ್ಪ ಹಳೆಯ ಕಾರನ್ನು ಮಾರಿ, ಕೊಯಮತ್ತೂರಿನ ವೈದ್ಯರೊಬ್ಬರು ಬಳಸಿ ಬಿಟ್ಟಿದ್ದ ಈ ಪುಟ್ಟ ವಿದ್ಯುತ್ ಕಾರನ್ನು ತಂದರು. ಅದು ಘಾಟಿ ಏರಿದ್ದು ಲಾರಿಯ ಬೆನ್ನ ಮೇಲೆ. ಮುಂದಿನದನ್ನು ನಾವು ಆಗಲೇ ಊಹಿಸಬಹುದಿತ್ತು. ಬೆಳಗಿನ ಚಳಿಗೆ ಬ್ಯಾಟರಿ ಮಂಕಾಗುತ್ತಿತ್ತು, ಏರಿನಲ್ಲಿ ಚಾರ್ಜಿನ ಮುಳ್ಳು ಸಂಕೋಚವಿಲ್ಲದೆ ಕುಸಿಯುತ್ತಿತ್ತು. ಕಾಲೇಜಿನಲ್ಲಿ ಒಂದು ಸಾಕೆಟ್ಟು ಕೇಳೋಣವೆಂದರೆ, ಸೀಮೆಸುಣ್ಣ ಕೇಳಲೂ ಎರಡು ಸಲ ಯೋಚಿಸುವವಳು ನಾನು. ಮನೆಯಿಂದ ತುಂಬಿಸಿಕೊಂಡು ಹೊರಟದ್ದರಲ್ಲೇ ಹೋಗಿ ಬರಬೇಕು. ಹೋಗುವುದೇನೋ ಆಗುತ್ತಿತ್ತು. ಸಂಜೆ ಊಟಿಗೂ ನಮ್ಮೂರಿಗೂ ನಡುವಿನ ನೆತ್ತಿಯಾದ ದೊಡ್ಡಬೆಟ್ಟದ ತಿರುವಿನಿಂದ ಉದ್ದಕ್ಕೂ ಇಳಿದು ಬಂದ ಕಾರು ಊರಿನ ಕೊನೆಯ ಏರಿನಲ್ಲಿ, ಸರಿಯಾಗಿ ಟೀ ಅಂಗಡಿಯ ಮುಂದೆ, ನಿಂತುಬಿಡುತ್ತಿತ್ತು. ಆಗ ಮಾಮ, ಅಂದರೆ ಅಮ್ಮನ ತಮ್ಮ, ಜೀಪಿಗೆ ಹಗ್ಗ ಬಿಗಿದು ಎಳೆಯುತ್ತಿದ್ದರು.

“ಇದು ವಂಡಿಯಾ, ಮಿಕ್ಸಿಯಾ?” ಎಂದು ಅವರು ಕೇಳಿದರೆ ಇಡೀ ಅಂಗಡಿ ನಗುತ್ತಿತ್ತು.

ಕೊನೆಗೆ ಅಪ್ಪ ತೀರ್ಪು ಕೊಟ್ಟರು: “ಇನ್ನೊಂದ್ ಸಲ ನಿಂತ್ರೆ ಮಾರಿಬಿಡೋಣ ಅಮ್ಮಾ. ಮಾಮನ ಜೀಪಲ್ಲೇ ಹೋಗಿ ಬಾ.”

ಮಾಮನ ಜೀಪೆಂದರೆ ಕ್ಯಾರೆಟ್ ಮೂಟೆ, ಮೂಟೆಯ ಮೇಲೆ ಅತ್ತೆಯಂದಿರು, ಅವರ ಬಾಯಲ್ಲಿ ನನ್ನ ಮದುವೆ. ಕಾರಿನೊಳಗಿನ ಹೊತ್ತಾದರೋ, ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಒಂದೇ ಹೊತ್ತು. ಅದು ಕೈತಪ್ಪುವುದರಲ್ಲಿತ್ತು.

ಇಲ್ಲಿ ನಮ್ಮ ಬೆಟ್ಟದವರ ಒಂದು ಶಿಸ್ತನ್ನು ಹೇಳಬೇಕು. ಇಳುಕಲು ಬಂತೆಂದರೆ ನಾವು ಎಂಜಿನ್ ನಿಲ್ಲಿಸುತ್ತೇವೆ. ತಾನಾಗಿ ಉರುಳುವ ಗಾಡಿಗೂ ಪೆಟ್ರೋಲ್ ಕುಡಿಸುವವನನ್ನು ಊರು ದುಂದುಗಾರನೆನ್ನುತ್ತದೆ. ಅಪ್ಪ ನನಗೆ ಕ್ಲಚ್ಚಿಗಿಂತ ಮೊದಲು ಕಲಿಸಿದ್ದು ಇದನ್ನೇ. ಕಾರು ಬದಲಾಯಿತು, ಕೈ ಬದಲಾಗಲಿಲ್ಲ. ತಿರುವು ದಾಟಿದೊಡನೆ ಕೀಲಿ ತಿರುಗಿಸಿ ನಾನೂ ಮಿತವ್ಯಯದ ತೃಪ್ತಿಯಿಂದ ಜಾರುತ್ತಿದ್ದೆ.

ತೀರ್ಪಿನ ಮರುದಿನ ಪರೀಕ್ಷಕರಾಗಿ ಅಪ್ಪನೇ ಜೊತೆಗೆ ಬಂದರು. ಸಂಜೆ ಹಿಂತಿರುಗುವಾಗ ದಟ್ಟ ಮಂಜು.

“ಆಫ್ ಮಾಡಮ್ಮಾ. ಇಳುಕ್ಲಲ್ಲಿ ಸುಮ್ನೆ ಯಾಕೆ?”

“ಲೈಟ್ ಬೇಕಪ್ಪಾ. ದಾರೀನೇ ಕಾಣಲ್ಲ.”

ಕೀಲಿ ಮುಟ್ಟದೆ ಇಳಿಯತೊಡಗಿದೆವು. ಇಬ್ಬರ ಕಣ್ಣೂ ಮುಳ್ಳಿನ ಮೇಲೆ. ಅದು ಕುಸಿಯಲಿಲ್ಲ. ಮೆಲ್ಲಗೆ, ನಂಬಲಾಗದಂತೆ, ಮೇಲಕ್ಕೆ ಸರಿಯಿತು. ಮೋಟಾರನ್ನು ಹೊರಗಿನಿಂದ ತಿರುಗಿಸಿದರೆ ಅದೇ ಡೈನಮೊ ಎಂದು ಆ ವಾರವಷ್ಟೇ ಕರಿಹಲಗೆಯ ಮೇಲೆ ಬಾಣ ಬರೆದು ವಿವರಿಸಿದ್ದವಳು ನಾನೇ. ಉರುಳುವ ಚಕ್ರಗಳು ಬ್ಯಾಟರಿಗೆ ತುಂಬಬಹುದಾಗಿದ್ದ ಕರೆಂಟನ್ನು ಇಷ್ಟು ದಿನ ಕೀಲಿ ತಿರುಗಿಸಿ ಶ್ರದ್ಧೆಯಿಂದ ತಡೆದು ಉಳಿತಾಯ ಮಾಡಿದ್ದೆ.

ವಿವರಿಸಿದಾಗ ಅಪ್ಪ ಮುಳ್ಳಿನತ್ತ ಬಾಗಿ ನೋಡಿದರು. “ಓ, ಕುಂದಾ ಪವರ್ ಹೌಸಿಗೆ ನೀರು ಇಳಿಯೋ ಹಾಗೆ ನಾವು ಇಳೀತಾ ಇದೀವಿ ಅನ್ನು!”

ಕೊನೆಯ ಏರಿನಲ್ಲಿ ಮಾಮ ಹಗ್ಗ ಹಿಡಿದು ಸಿದ್ಧರಾಗಿದ್ದರು. “ಭಾವಾ, ನಿಲ್ಸೋದಿಲ್ವಾ?”

“ನಿಲ್ಸಿದ್ರೆ ನಿನಗೆ ಕೆಲ್ಸ ಸಿಗುತ್ತಲ್ಲಾ!” ಎಂದು ಅಪ್ಪ ಕಿಟಕಿಯಿಂದ ಕೂಗಿದರು. ಕಾರು ತೆವಳುತ್ತಾ ಏರಿತು. ಮಾರುವ ಮಾತು ಮತ್ತೆ ಬರಲಿಲ್ಲ.

ಗಾಡಿಯನ್ನು ಬದಲಿಸುವುದಕ್ಕೆ ಒಂದು ದಿನ ಸಾಕು, ಓದುಗರೇ. ಹಳೆಯ ಗಾಡಿಯಿಂದ ಕಲಿತ ಜಾಣತನವನ್ನು ಕೈಯಿಂದ ಬಿಡಿಸುವುದು ನಿಧಾನದ ಕೆಲಸ.

ಮಾರನೆಯ ಬೆಳಿಗ್ಗೆ ಒಬ್ಬಳೇ ಹೊರಟೆ. ತಿರುವು ದಾಟಿ ಊಟಿಯತ್ತ ಇಳಿಯುವಾಗ ಬಲಗೈ ತಾನಾಗಿ ಕೀಲಿಗೆ ಹೋಯಿತು, ಹಿಂದಕ್ಕೆ ತೆಗೆದೆ. ಆಮೇಲೆ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಗಟ್ಟಿಯಾಗಿ ಹಾಡಿದೆ. ಈ ಕಾರಿಗೆ ಸದ್ದಿಲ್ಲವೆಂಬುದು ನೆನಪಾದದ್ದು, ಟೀ ತೋಟದಲ್ಲಿ ಎಲೆ ಕೀಳುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿದಾಗ. ಕಿಟಕಿಯ ಗಾಜು ಏರಿಸಿ, ಚರಣವನ್ನು ಮುಗಿಸಿದೆ.