ಪೆಟ್ರೋಲ್ ಟಾಕಿಯ ಉಸಿರು

ಕಳೆದ ರವಿವಾರ ನನ್ನ ಬೆನ್ನಿಗೆ ಒಂದು ಕಾರು ಬಂದು ಬಡಿಯುವುದರಲ್ಲಿತ್ತು. ಒಂದು ಮಾರು ಉಳಿದಿತ್ತು, ಅಷ್ಟೇ.

ಜಮಖಂಡಿಯಲ್ಲಿ ಸಂಸ್ಥಾನದ ಕುದುರೆಗಳು ಓಡುತ್ತಿದ್ದ ಟ್ರ್ಯಾಕು ಗೊತ್ತಲ್ಲ? ಸಂಸ್ಥಾನ ಹೋಯಿತು, ಕುದುರೆ ಹೋದವು, ಮುಂಬೈ ಸರಕಾರ ಬಂತು. ಈಗ ರವಿವಾರಕ್ಕೊಮ್ಮೆ ಹಳೇ ಕಾರಿನವರು ನಾವೊಂದಿಷ್ಟು ಮಂದಿ ಅಲ್ಲಿ ಸೇರಿ, ಗಾಡಿ ಜೋರು ಬಿಟ್ಟು ನೋಡುತ್ತೇವೆ. (ದಾರೂಬಂದಿಯ ಕಾಲ, ಕುಡಿಯುವಂತಿಲ್ಲ. ಮಂದಿಗೆ ಬೇರೆ ನಶೆ ಏನಿದೆ ಹೇಳಿ?)

ನನ್ನ ಗಾಡಿ ಊರೊಳಗೆ ಆಕಳಿನಂಥದು. ಟ್ರ್ಯಾಕಿನಲ್ಲಿ ಜೋರು ಬಿಟ್ಟೆನೋ, ಎರಡನೇ ಸುತ್ತಿನಲ್ಲಿ ಕೆಮ್ಮಿ ನಿಂತುಬಿಡುತ್ತದೆ. ರವಿವಾರವೂ ನಿಂತಿತು, ಅದೂ ತಿರುವಿನಲ್ಲಿ. ಹಿಂದೆ ಬರುತ್ತಿದ್ದವ ಬನಹಟ್ಟಿಯ ನೂಲಿನ ವ್ಯಾಪಾರಿ, ಗೆಳೆಯ ಶಂಕ್ರಪ್ಪ. ಬ್ರೇಕು ಒತ್ತಿ, ಧೂಳಿನೊಳಗಿಂದ ಇಳಿದು ಬಂದ.

“ಲೇ, ಸಾಯಾಕ ಬ್ಯಾರೆ ಜಾಗಾ ಸಿಗಲಿಲ್ಲೇನ ನಿನಗ?”

ನಗಬೇಕಿತ್ತು. ನಗು ಬರಲಿಲ್ಲ. ನನಗೆ ರೇಸು ಬೇಕಾಗಿರಲಿಲ್ಲ, ಮಿರಜ ಬೇಕಾಗಿತ್ತು. ತಂಗಿ ಗಂಗವ್ವ ದಿನ ತುಂಬಿ ತವರಿಗೆ ಬಂದಿದ್ದಳು. ಮೊದಲ ಕೂಸು ಎತ್ತಿನ ಚಕ್ಕಡಿಯಲ್ಲಿ, ಅರ್ಧ ದಾರಿಯಲ್ಲೇ ಹೋಯಿತು. ಈ ಸಲ ಹೆರಿಗೆ ಬ್ಯಾನಿ ಶುರುವಾದ ಕೂಡಲೇ ಮಿರಜಿನ ದವಾಖಾನೆಗೆ ಒಯ್ಯಿರಿ, ತಡ ಮಾಡಬೇಡಿ ಎಂದಿದ್ದರು ಡಾಕ್ಟರು. ಮನೆಯಲ್ಲಿರುವುದು ಇದೊಂದೇ ಗಾಡಿ. ಇದೂ ಅರ್ಧ ದಾರಿಯಲ್ಲಿ ನಿಂತರೆ?

ಪೆಟ್ರೋಲು ಸೋಸಿದೆವು. ಪೈಪು ಬಿಚ್ಚಿ ಬಾಯಿಂದ ಊದಿದೆವು, ಸಾಫ್. ಪಂಪು ಬಿಚ್ಚಿದೆವು, ಛಲೋ ಇತ್ತು. ಕಾರ್ಬೊರೇಟರ್ ತೊಳೆದೆವು. ಮತ್ತೆ ಓಡಿಸಿದೆ. ಮತ್ತೆ ಅದೇ ಸುತ್ತು, ಅದೇ ಕೆಮ್ಮು! ಪೆಟ್ರೋಲೇ ತೀರಿತೇನೋ ಎಂದು ಟಾಕಿಯ ಮುಚ್ಚಳ ತಿರುವಿದೆ.

ಸುಂಯ್! ಗಾಳಿ ಒಳಗೆ ನುಗ್ಗಿತು. ಗಾಡಿ ಚಾಲೂ!

ಮುಚ್ಚಳ ಬಿಗಿ ಮಾಡಿದರೆ ನಿಲ್ಲುತ್ತದೆ, ಸಡಿಲ ಮಾಡಿದರೆ ಓಡುತ್ತದೆ. ಮುಚ್ಚಳಕ್ಕೊಂದು ಸಣ್ಣ ತೂತು ಇರುತ್ತದೆ ನೋಡಿ. ಪೆಟ್ರೋಲು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ಸಾವಕಾಶ ಹೋದರೆ ಸಂದಿಗೊಂದಿಯ ಗಾಳಿ ಸಾಕು, ಜೋರಿಗೆ ಸಾಲದು. ತೂತು ಹುಡುಕಿದೆ. ಇರಲೇ ಇಲ್ಲ! ಅಲ್ಲಿ ಹಳದಿ ಮೆತ್ತಿಕೊಂಡಿತ್ತು. ಕೆರೆದು ಮೂಸಿದೆ. ಅರಿಷಿಣ. ನಮ್ಮ ಮನೆದೇವರು ಬೀರಪ್ಪನ ಭಂಡಾರ, ಎಣ್ಣೆಯಲ್ಲಿ ಕಲಸಿದ್ದು.

ಅವ್ವ!

ಗಾಡಿಗೆ ಅವ್ವ ಭಂಡಾರ ಹಚ್ಚುತ್ತಾಳೆಂದು ಗೊತ್ತಿತ್ತು. ಮುಚ್ಚಳಕ್ಕೇ ಯಾಕೆ? ಮನೆಗೆ ಹೋಗಿ ಕೇಳಿದೆ.

“ಎಲ್ಲಿ ಉಣ್ತೈತಿ ಅಲ್ಲೇ ಹಚ್ಚಬೇಕಪ್ಪಾ. ಗಂಗವ್ವನ್ನ ಒಯ್ಯೂ ಗಾಡಿ ಐತಿ. ದಿನಾ ಹಚ್ಚಾಕತ್ತೇನಿ.”

“ನೀ ಹಚ್ಚಿ ಹಚ್ಚಿ ಮುಚ್ಚಳದ ತೂತ ಮುಚ್ಚಿ, ಅದರ ಉಸರು ಕಟ್ಟೈತಿ ಬೇ! ಹಾದ್ಯಾಗ ನಿಂತಿದ್ರ ಏನ ಮಾಡ್ತಿದ್ದಿ?” ಒದರಿಬಿಟ್ಟೆ. ಅವ್ವನ ಮುಖ ಸಣ್ಣದಾಯಿತು. ಒಳಗೆ ಹೋದಳು. ನನಗೂ ಉಣ್ಣಲಾಗಲಿಲ್ಲ.

ಬುಧವಾರ ಮಧ್ಯಾಹ್ನ ಬ್ಯಾನಿ ಬಂತು. ಗಂಗವ್ವ ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಕೂತಳು. ನಾನು ಹ್ಯಾಂಡಲ್ ಹೊಡೆದು ತಲೆ ಎತ್ತಿದರೆ, ಅವ್ವ ಭಂಡಾರದ ಬಟ್ಟಲು ಹಿಡಿದು ಟಾಕಿಯ ಹತ್ತಿರ!

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮುಚ್ಚಳಕ್ಕೆ ಹಚ್ಚಿಯೇಬಿಟ್ಟಳು. ಆಮೇಲೆ ಬಳೆಗೆ ಸಿಗಿಸಿದ್ದ ಪಿನ್ನು ತೆಗೆದು ತೂತಿಗೆ ಚುಚ್ಚಿ, ತಿರುವಿ, ಫೂ ಎಂದು ಊದಿದಳು.

“ಆತು. ನಡಿ ಇನ್ನ,” ಎಂದು ತಾನೂ ಗಂಗವ್ವನ ಪಕ್ಕ ಹತ್ತಿ ಕೂತಳು.

(ಈ ಜಾಣತನಕ್ಕೆ ಏನನ್ನುತ್ತೀರಿ? ಬೀರಪ್ಪನೂ ಬೇಕು, ಗಾಳಿಯೂ ಬೇಕು!)

ಬನಹಟ್ಟಿ ದಾಟುವಾಗ ಒಮ್ಮೆ ಕೆಮ್ಮು ಕೇಳಿಸಿತು. ಗಂಗವ್ವ ಹಿಂದಿನಿಂದ ನನ್ನ ಹೆಗಲು ಹಿಡಿದಳು. ಕೆಮ್ಮಿದ್ದು ಗಾಡಿಯಲ್ಲ, ಧೂಳು ಕುಡಿದ ಅವ್ವ! ಮಿರಜ ಮುಟ್ಟುವತನಕ ಗಾಡಿ ಎಲ್ಲಿಯೂ ನಿಲ್ಲಲಿಲ್ಲ.

ಹೆಣ್ಣು ಕೂಸು. ದವಾಖಾನೆ ಹಾರಿಹೋಗುವಂಥ ಅಳು. ಕೇಳಿ ನಾನೂ ಅತ್ತೆ, ನಾಚಿಕೆ ಏನು?

ಮರುದಿನ ಬೀಗರ ಕಡೆಯ ಹೆಣ್ಣುಮಕ್ಕಳು ಕೂಸನ್ನು ಮುತ್ತಿಕೊಂಡರು. ಒಬ್ಬಳು ತಲೆಗೆ ಕುಂಚಿಗಿ ಕಟ್ಟಿದಳು, ಒಬ್ಬಳು ಕೌದಿ ಸುತ್ತಿದಳು, ಮತ್ತೊಬ್ಬಳು ದೃಷ್ಟಿಯಾದೀತೆಂದು ಮುಖಕ್ಕೇ ಸೆರಗು ಮುಚ್ಚಿದಳು. ಪ್ರೀತಿಯೇ ಮತ್ತೆ, ಅಲ್ಲ ಎನ್ನಲಾದೀತೇ?

ಮೂಲೆಯಲ್ಲಿದ್ದ ಅವ್ವ ದಡಕ್ಕನೆ ಎದ್ದಳು.

“ಸರೀರಿ ಅತ್ಲಾಗ! ಉಸರಾಡಾಕ ಒಂದ ತೂತರ ಬಿಡ್ರಿ!”